ರಸ್ತೆಗೂ ಪಂದ್ಯಕ್ಕೂ ಒಂದೇ ಬಂಡಿ
(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿಜ್ಞಾನ ಸಂಘದ ಸಭೆಯಲ್ಲಿ ಗ್ರಹಗಳನ್ನು ಕುರಿತೋ ಗಿಡಮರಗಳನ್ನು ಕುರಿತೋ ಮಾತನಾಡುವುದು ವಾಡಿಕೆ. ನಾವು ಇಂದು ಮೋಟಾರು ಕಾರಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದಕ್ಕೊಂದು ಕಾರಣವುಂಟು. ಕೆಲವು ದಿನಗಳ ಹಿಂದೆ ಪೋಷಕರೊಬ್ಬರು ತಮ್ಮ ಮಗನ ಗಣಿತದ ಪುಸ್ತಕವನ್ನು ಹಿಡಿದು ನಮ್ಮ ಕೊಠಡಿಗೆ ಬಂದರು. "ಮೇಷ್ಟ್ರೆ, ಹಿಂದಿನಿಂದ ತಿರುವಿದರೆ ಕಾರು, ಮುಂದಿನಿಂದ ತಿರುವಿದರೆ ಸೊನ್ನೆ, ಇವನಿಗೆ ನೀವಾದರೂ ಬುದ್ಧಿ ಹೇಳಿ" ಎಂದರು. ಪುಸ್ತಕವನ್ನು ಒಂದು ರಾತ್ರಿಯ ಮಟ್ಟಿಗೆ ನಾವು ಇರಿಸಿಕೊಂಡೆವು.

ಹಿಂದಿನ ಹಾಳೆಗಳಲ್ಲಿ ಅಮೆರಿಕ ದೇಶದ ಮಸ್ಟ್ಯಾಂಗ್ ಎಂಬ ಹಳೆಯ ಕಾರಿನ ಚಿತ್ರವಿತ್ತು. ಚಿತ್ರ ಚೆನ್ನಾಗಿಯೇ ಇತ್ತು. ಅದರ ಕೆಳಗೆ, "ದಿನವೂ ಓಡಿಸಲು, ತಿಂಗಳಿಗೊಮ್ಮೆ ಪಂದ್ಯದ ಟ್ರ್ಯಾಕಿಗೆ" ಎಂದು ಬರೆದು, ಕೊಳ್ಳಬೇಕಾದ ಸಾಮಾನುಗಳ ಪಟ್ಟಿಯನ್ನು ಕೊಡಲಾಗಿತ್ತು. ಎಂಜಿನ್, ಕಾರ್ಬುರೇಟರ್, ಹೊಗೆಕೊಳವೆ, ಅಗಲವಾದ ಚಕ್ರ, ಬಣ್ಣ, ಪಟ್ಟೆ ಎಂದು ಹದಿನಾಲ್ಕು ಬಾಬುಗಳು. ಎರಡು ಸಲ ಓದಿದೆವು. ಹದಿನಾಲ್ಕರಲ್ಲಿ ಎಲ್ಲಿಯೂ ಬ್ರೇಕು ಇರಲಿಲ್ಲ. ಆ ರಾತ್ರಿಯೇ ಈ ಭಾಷಣದ ವಿಷಯ ನಿಶ್ಚಯವಾಯಿತು.

ಅಮೆರಿಕದವರು ಇಂಥ ಬಂಡಿಗಳನ್ನು ಮಸಲ್ ಕಾರು ಎನ್ನುತ್ತಾರೆ. ನಾವು ಜಟ್ಟಿ ಕಾರು ಎಂದರೆ ತಪ್ಪಾಗಲಾರದು. ಸಾಧಾರಣ ಗಾತ್ರದ ಮನೆಬಳಕೆಯ ಕಾರಿನೊಳಗೆ ದೊಡ್ಡ ಕಾರಿಗೆಂದು ಮಾಡಿದ ಎಂಜಿನನ್ನು ಕೂಡಿಸಿದರೆ ಜಟ್ಟಿ ಕಾರು ಆಯಿತು. 1964ರಲ್ಲಿ ಬಂದ ಪಾಂಟಿಯಾಕ್ ಜಿ.ಟಿ.ಓ. ಎಂಬುದನ್ನು ಇವುಗಳಲ್ಲಿ ಮೊದಲನೆಯದೆಂದು ಅನೇಕರು ಎಣಿಸುತ್ತಾರೆ. ಅದರ ಎಂಜಿನ್ ಸುಮಾರು 6.4 ಲೀಟರಿನದು. ಮಸ್ಟ್ಯಾಂಗ್ ಗಾತ್ರದಲ್ಲಿ ಇನ್ನೂ ಕಿರಿದು. ಆದಕಾರಣ ಅದನ್ನು ಪೋನಿ, ಎಂದರೆ ತಟ್ಟು ಕುದುರೆ, ಎಂದು ಬೇರೆ ಹೆಸರಿನಿಂದ ಕರೆಯುವವರೂ ಉಂಟು. ಹೆಸರಿನ ಜಗಳ ನಮಗೆ ಬೇಡ.

ಒಂದೇ ಬಂಡಿ ರಸ್ತೆಗೂ ಪಂದ್ಯಕ್ಕೂ ಆಗಬೇಕೆಂಬುದು ನಮ್ಮ ಹುಡುಗನ ಹೊಸ ಕಲ್ಪನೆಯೇನೂ ಅಲ್ಲ. 1964ರ ಏಪ್ರಿಲ್ 17ರಂದು ಮಸ್ಟ್ಯಾಂಗ್ ಮಾರಾಟಕ್ಕೆ ಬಂದಿತು. ಬಲು ಅಂದವಾಗಿದ್ದಿತು, ಲಕ್ಷೋಪಲಕ್ಷವಾಗಿ ಖರ್ಚಾಯಿತು. ಆದರೆ ಪಂದ್ಯದಲ್ಲಿ ಅದಕ್ಕೆ ಹೆಸರಿರಲಿಲ್ಲ. ಫೋರ್ಡ್ ಕಂಪೆನಿಯವರು ಕ್ಯಾರಲ್ ಶೆಲ್ಬಿ ಎಂಬವರ ಬಳಿಗೆ ಹೋದರು. ಶೆಲ್ಬಿಯವರದು ವಿಚಿತ್ರವಾದ ಜೀವನ. ಟೆಕ್ಸಾಸ್ ಪ್ರಾಂತದಲ್ಲಿ 1923ರಲ್ಲಿ ಜನಿಸಿದರು. ಬಾಲ್ಯದಿಂದಲೇ ಹೃದಯದ ಕಾಯಿಲೆ. ಕೋಳಿ ಸಾಕಿ ಕೋಳಿಗಳೆಲ್ಲ ಸತ್ತು ಕೈಸುಟ್ಟುಕೊಂಡರು. ಅನಂತರ ಪಂದ್ಯದ ಸಾರಥಿಯಾಗಿ 1959ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ಓಟವನ್ನು ಜೊತೆಗಾರನೊಡನೆ ಗೆದ್ದರು. ಹೃದಯದ ಕಾರಣದಿಂದಲೇ 1960ರಲ್ಲಿ ಓಡಿಸುವುದನ್ನು ಬಿಟ್ಟು ಬಂಡಿ ಕಟ್ಟುವ ಕೆಲಸಕ್ಕೆ ಕೈಹಚ್ಚಿದರು.

ಪಂದ್ಯದ ಸಂಘದ ಕಟ್ಟಳೆಯಂತೆ ಸ್ಪೋರ್ಟ್ಸ್ ಕಾರು ಎನಿಸಿಕೊಳ್ಳಬೇಕಾದರೆ ಎರಡೇ ಆಸನಗಳಿರಬೇಕಾಗಿತ್ತು. ಶೆಲ್ಬಿಯವರು ಹಿಂದಿನ ಆಸನವನ್ನು ಕಿತ್ತುಹಾಕಿ ಅಲ್ಲಿ ಹೆಚ್ಚುವರಿ ಚಕ್ರವನ್ನಿರಿಸಿದರು. 4.7 ಲೀಟರಿನ ಎಂಜಿನಿನ ಬಲವನ್ನು 271 ಕುದುರೆಗಳಿಂದ 306ಕ್ಕೆ ಏರಿಸಿದರು. ಕೇವಲ 35 ಕುದುರೆ! ನಮ್ಮ ಹುಡುಗನ ಪಟ್ಟಿಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿನ ಆಸೆಯಿದೆ. ಹಾಗಾದರೆ ಶೆಲ್ಬಿಯವರು ಮಿಕ್ಕ ಹಣವನ್ನೂ ಶ್ರಮವನ್ನೂ ಎಲ್ಲಿ ವ್ಯಯಮಾಡಿದರು? ಮುಂದಿನ ಚಕ್ರಗಳಿಗೆ ತಟ್ಟೆಯಾಕಾರದ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಅಗಲವಾದ ಡ್ರಮ್ ಬ್ರೇಕು, ಉತ್ತಮವಾದ ಶಾಕ್ ಅಬ್ಸಾರ್ಬರುಗಳು, ಎಂಜಿನಿನ ಮೇಲೆ ಎರಡು ಪಕ್ಕಗಳನ್ನು ಬಿಗಿಯುವ ಉಕ್ಕಿನ ಅಡ್ಡಪಟ್ಟಿ, ಹೆಚ್ಚು ಎಣ್ಣೆ ಹಿಡಿಯುವ ತೊಟ್ಟಿ, ಮೂರಂಗುಲ ಅಗಲದ ಸೀಟ್ ಬೆಲ್ಟು. ಮುಂಚಕ್ರದ ಮೇಲ್ತೋಳು ಕೂಡುವ ತೂತನ್ನು ಒಂದಂಗುಲ ಕೆಳಗೆ ಹೊಸದಾಗಿ ಕೊರೆದರು. ಅದರಿಂದ ಬಂಡಿ ತಿರುವಿನಲ್ಲಿ ನೆಟ್ಟಗೆ ನಿಲ್ಲತೊಡಗಿತು. ಈ ಬಂಡಿಯ ಹೆಸರು ಜಿ.ಟಿ. 350. ಎರಡು ಕಟ್ಟಡಗಳ ನಡುವಿನ ದೂರ 350 ಹೆಜ್ಜೆಯಿದ್ದುದರಿಂದ ಆ ಅಂಕಿಯನ್ನಿಟ್ಟರೆಂದು ಕಥೆಯಿದೆ. 1965ರ ಫೆಬ್ರವರಿಯಲ್ಲಿ, ಟೆಕ್ಸಾಸಿನಲ್ಲಿ, ಕೆನ್ ಮೈಲ್ಸ್ ಎಂಬ ಸಾರಥಿ ಮೊದಲನೆಯ ಓಟದಲ್ಲಿಯೇ ಇದನ್ನು ಗೆಲ್ಲಿಸಿದರು. 1965, 66, 67, ಮೂರು ವರ್ಷಗಳೂ ಅದರ ವರ್ಗದಲ್ಲಿ ರಾಷ್ಟ್ರೀಯ ಪದವಿ ಇದಕ್ಕೇ ದೊರೆಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಇದನ್ನು ಹೇಳುತ್ತಿರಲಿಲ್ಲ. ಪಂದ್ಯದಲ್ಲಿ ಗೆದ್ದ ಈ ಬಂಡಿಯನ್ನು ಕೊಂಡವರು ಮನೆಗೆ ಒಯ್ದು ಏನೆಂದರು? ಸವಾರಿ ಬಲು ಒರಟು. ಹಿಂದಿನ ಅಚ್ಚಿನ ಯಂತ್ರ ತಿರುವಿನಲ್ಲಿ ಟಕ್ ಟಕ್ ಎಂದು ಸದ್ದುಮಾಡುತ್ತದೆ. ಹೊಗೆಕೊಳವೆ ಕಿವಿಯ ಪಕ್ಕದಲ್ಲಿಯೇ ಗರ್ಜಿಸುತ್ತದೆ. ಮಕ್ಕಳನ್ನು ಕೂರಿಸಲು ಜಾಗವಿಲ್ಲ. 1966ರ ಬಂಡಿಯಲ್ಲಿ ಶೆಲ್ಬಿಯವರೇ ಹಿಂದಿನ ಆಸನವನ್ನು ಮತ್ತೆ ಕೊಡಬೇಕಾಯಿತು. ಸದ್ದಿನ ಯಂತ್ರ ಬೇಕಾದವರಿಗೆ ಮಾತ್ರ ಎಂದಾಯಿತು. ಅದೇ ವರ್ಷ ಹರ್ಟ್ಸ್ ಎಂಬ ಬಾಡಿಗೆ ಕಂಪೆನಿಯವರು ಇಂಥ ಸುಮಾರು 1,000 ಬಂಡಿಗಳನ್ನು ಕೊಂಡರು. ಅವುಗಳ ಬ್ರೇಕಿನ ಲೋಹಮಿಶ್ರಿತ ಪಟ್ಟಿಗಳು ಕಾದ ಮೇಲೆ ಚೆನ್ನಾಗಿ ಹಿಡಿಯತಕ್ಕವು; ತಣ್ಣಗಿರುವಾಗ ಬಲವಾಗಿ ಮೆಟ್ಟಬೇಕು. ಪೇಟೆಯ ಗಿರಾಕಿಗಳು ಹೆದರಿದರು. ಬ್ರೇಕನ್ನು ಹೆಚ್ಚು ಒತ್ತಬೇಕಾದೀತೆಂದು ಬಂಡಿಯೊಳಗೆ ಒಂದು ಎಚ್ಚರಿಕೆಯ ಚೀಟಿಯನ್ನೇ ಅಂಟಿಸಬೇಕಾಯಿತು. ಪಂದ್ಯಕ್ಕೆ ಗುಣವಾದುದು ಸಂತೆಗೆ ಹೋಗುವಾಗ ದೋಷ! ಇಂಥ ಬಂಡಿಯನ್ನು ಯೋಜಿಸುವವನ ಕಷ್ಟವೆಲ್ಲ ಇದರಲ್ಲಿಯೇ ಅಡಗಿದೆ. ಮೂವತ್ತು ದಿನಗಳಲ್ಲಿ ಇಪ್ಪತ್ತೊಂಬತ್ತು ದಿನ ಅದು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಮಳೆಯಲ್ಲಿ ನಿಲ್ಲಬೇಕು, ಎತ್ತಿನಗಾಡಿಯ ಹಿಂದೆ ಕುದಿಯದೆ ನಿಧಾನವಾಗಿ ಸಾಗಬೇಕು. ಒಂದು ದಿನಕ್ಕಾಗಿ ಇಪ್ಪತ್ತೊಂಬತ್ತು ದಿನಗಳನ್ನು ಕೆಡಿಸಿಕೊಳ್ಳುವುದು ಜಾಣತನವಲ್ಲವೆಂದು ನಮ್ಮ ಅಭಿಪ್ರಾಯ.

ಈಗ ಬ್ರೇಕಿನ ವಿಷಯ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯದವರು ತಾಳವಾಡಿಯಲ್ಲಿ ಯಾರಿದ್ದಾರೆ? ಕೆಳಗೆ ಬಣ್ಣಾರಿಯ ಬಳಿ ಲಾರಿಗಳು ನಿಂತಾಗ ಬರುವ ಸುಟ್ಟವಾಸನೆ ನಿಮಗೆಲ್ಲ ಗೊತ್ತು. ಬ್ರೇಕು ವೇಗವನ್ನು ನುಂಗುವುದಿಲ್ಲ, ಅದನ್ನು ಶಾಖವಾಗಿ ಮಾರ್ಪಡಿಸುತ್ತದೆ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುವುದೆಂದು ಪಾಠದಲ್ಲಿ ಓದಿದ್ದೀರಿ. 1,300 ಕಿಲೋ ತೂಕದ ಕಾರು ಗಂಟೆಗೆ 160 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ, ಆ ಶಾಖದಿಂದ ಸುಮಾರು 4 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು; ಬೇಕಾದವರು ಲೆಕ್ಕಮಾಡಿ ನೋಡಿರಿ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲಿಯೂ ಹಲವು ಬಾರಿ ಹೀಗೆ ಬ್ರೇಕು ಹಿಡಿಯಬೇಕಾಗುತ್ತದೆ. ಡ್ರಮ್ಮು ಕಾದು ಹಿಗ್ಗಿದರೆ ಒಳಗಿನ ಪಟ್ಟಿಯಿಂದ ದೂರ ಸರಿಯುತ್ತದೆ. ಬ್ರೇಕಿನ ದ್ರವವಂತೂ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 4 ಎಂಬ ದರ್ಜೆಯ ಹೊಸ ದ್ರವ 230 ಡಿಗ್ರಿಯವರೆಗೂ ಕುದಿಯಬಾರದು. ತೇವ ಸೇರಿದ ಮೇಲೆ ಅದರ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದು ಆವಿಯಾದರೆ, ಆವಿಯನ್ನು ಅದುಮಬಹುದಾದ್ದರಿಂದ, ಪೆಡಲು ಹತ್ತಿಯ ಮೇಲೆ ಕಾಲಿಟ್ಟಂತೆ ಕುಸಿಯುತ್ತದೆ. ಅಷ್ಟು ಹೊತ್ತಿಗೆ ತಿರುವು ಎದುರಿಗೇ ಬಂದಿರುತ್ತದೆ.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಬಿ.ಟಿ. ಓದುತ್ತಿದ್ದ ಕಾಲದಲ್ಲಿ ನಮ್ಮಲ್ಲೊಂದು ಹಳೆಯ ಮೋಟಾರು ಸೈಕಲಿತ್ತು. ಕೂಡಿಟ್ಟ ಹಣವನ್ನೆಲ್ಲ ಸುರಿದು ಅದರ ಎಂಜಿನಿನ ಬಲವನ್ನು ಹೆಚ್ಚಿಸಿದೆವು. ಬ್ರೇಕನ್ನು ಮುಂದಿನ ತಿಂಗಳು ನೋಡಿಕೊಂಡರಾಯಿತೆಂದು ಬಿಟ್ಟೆವು. ಆ ಮುಂದಿನ ತಿಂಗಳು ಬರುವುದಕ್ಕೆ ಮೊದಲೇ ಘಟ್ಟದ ಒಂದು ತಿರುವಿನಲ್ಲಿ ಚರಂಡಿಯೊಳಗಿದ್ದೆವು. ಎಡಗೈ ಇಂದಿಗೂ ಪೂರ್ತಿ ಮೇಲಕ್ಕೆ ಏಳುವುದಿಲ್ಲ. ಕರಿಹಲಗೆಯ ಮೇಲ್ಭಾಗದಲ್ಲಿ ನಾವು ಬಲಗೈಯಿಂದಲೇ ಒರೆಸುವುದನ್ನು ಕಂಡು ನೀವು ಹಿಂದಿನ ಬೆಂಚಿನಲ್ಲಿ ನಗುವುದು ನಮಗೆ ತಿಳಿಯದ ಸಂಗತಿಯಲ್ಲ.

ಹಾಗಾದರೆ ಪಟ್ಟಿಯನ್ನು ಹೇಗೆ ಬರೆಯಬೇಕು? ಅರುವತ್ತು ವರ್ಷಗಳ ಮುದಿಬಂಡಿಯಾದುದರಿಂದ ಮೊದಲು ತುಕ್ಕನ್ನು ನೋಡತಕ್ಕದ್ದು. ತುಕ್ಕು ಹಿಡಿದ ಮೈಗೆ ಜೋಡಿಸಿದುದೆಲ್ಲ ನಷ್ಟವೇ. ಅನಂತರ ಬ್ರೇಕು, ಟೈರು, ಸ್ಟಿಯರಿಂಗು. ಆಮೇಲೆ ರೇಡಿಯೇಟರು ಮತ್ತು ಎಣ್ಣೆಯ ತೊಟ್ಟಿ. ಏಕೆಂದರೆ ದೀರ್ಘವಾದ ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿ ಬರಿದಾದರೆ ಎಂಜಿನ್ ಕ್ಷಣಮಾತ್ರದಲ್ಲಿ ಕೆಡುತ್ತದೆ. ಬಲವನ್ನು ಹೆಚ್ಚಿಸುವ ಬಾಬು ಇವೆಲ್ಲಕ್ಕಿಂತ ಕೆಳಗೆ. ಬಣ್ಣದ ಪಟ್ಟೆಯ ಮಾತನ್ನು ನಾವು ಆಡುವುದಿಲ್ಲ. ಅದು ಹುಡುಗನ ಇಷ್ಟ.

ಗಣಿತ ಬೇಡವೆನ್ನುವವರಿಗೆ ಒಂದು ಲೆಕ್ಕ. 1965ರ ಜಿ.ಟಿ. 350ರ ಹಿಂದಿನ ಅಚ್ಚಿನ ಅನುಪಾತ 3.89. ಟೈರಿನ ಸುತ್ತಳತೆ 2.15 ಮೀಟರ್ ಎಂದಿಟ್ಟುಕೊಳ್ಳಿರಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 775 ಸುತ್ತು. ನಾಲ್ಕನೆಯ ಗೇರಿನಲ್ಲಿ ಎಂಜಿನ್ ಸುಮಾರು 3,015 ಸುತ್ತು. ಪಂದ್ಯಕ್ಕೆ ಇದು ಸೊಗಸು. ಹೆದ್ದಾರಿಯಲ್ಲಿ ಮೂರು ಗಂಟೆ ಕುಳಿತರೆ ತಲೆನೋವು, ಪೆಟ್ರೋಲಿಗೂ ದಂಡ. ಐದನೆಯ ಗೇರು 0.68 ಅನುಪಾತದ್ದಿರುವ ಪೆಟ್ಟಿಗೆಯನ್ನು ಜೋಡಿಸಿದರೆ ಅದೇ ವೇಗಕ್ಕೆ ಸುಮಾರು 2,050 ಸುತ್ತು ಸಾಕು, ಕೆಳಗಿನ ಗೇರುಗಳ ಚುರುಕೂ ಉಳಿಯುತ್ತದೆ. ಎರಡು ಕೆಲಸಕ್ಕೂ ಒದಗುವ ಒಂದೇ ಸಾಮಾನು ಇದೆಂದರೆ ಅತಿಶಯವಾಗದು. ಇದರಲ್ಲಿ ಬಂದಿರುವುದು ವೃತ್ತದ ಪರಿಧಿ ಮತ್ತು ಅನುಪಾತ, ಇಷ್ಟೇ. ಎರಡೂ ಆ ಪುಸ್ತಕದ ಮುಂದಿನ ಹಾಳೆಗಳಲ್ಲಿಯೇ ಇವೆ. ಸೊನ್ನೆ ಬಂದಿರುವುದೂ ಅಲ್ಲಿಯೇ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಚಿತ್ರ ಬರೆದುದಕ್ಕಾಗಿ ಹುಡುಗನನ್ನು ದಂಡಿಸಬೇಡಿರಿ. ವೇಗದ ಆಸೆ ಆ ವಯಸ್ಸಿಗೆ ಸಹಜವಾದುದು. ಅದಕ್ಕೆ ತಕ್ಕ ಸ್ಥಳಗಳೂ ನಮ್ಮ ರಾಜ್ಯದಲ್ಲಿಯೇ ಇವೆ: ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಒಂದು, ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯದು ಇನ್ನೊಂದು. ಅಲ್ಲಿಯೂ ಅಪಾಯವಿಲ್ಲವೆಂದು ಹೇಳಲಾರೆವು. ನಾವು ಆಗಲೇ ಹೆಸರಿಸಿದ ಕೆನ್ ಮೈಲ್ಸ್ ಅವರಂಥ ನುರಿತ ಸಾರಥಿಯೇ 1966ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಟ್ರ್ಯಾಕಿನಲ್ಲಿ ಹೊಸ ಬಂಡಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಮಡಿದರು. ಆದರೆ ಶಿರಸ್ತ್ರಾಣ, ಕಾವಲುಗಾರರು, ಎದುರಿನಿಂದ ಬಂಡಿ ಬಾರದ ದಾರಿ, ಇವು ಅಲ್ಲಿ ಉಂಟು. ಸಂತೆಯ ಬೀದಿಯಲ್ಲಿ ಇವೊಂದೂ ಇಲ್ಲ. ಅಲ್ಲಿರುವುದು ನಮ್ಮ ಮಕ್ಕಳು.

ಪುಸ್ತಕವನ್ನು ಹುಡುಗನಿಗೆ ಹಿಂದಿರುಗಿಸಿದ್ದೇವೆ. ಹದಿನೈದನೆಯ ಬಾಬನ್ನು ಕೆಂಪು ಶಾಯಿಯಲ್ಲಿ ನಾವೇ ಬರೆದು, ಅದನ್ನು ಮೊದಲನೆಯದಕ್ಕೆ ಏರಿಸುವಂತೆ ಬಾಣದ ಗುರುತು ಹಾಕಿದ್ದೇವೆ. ಲಾರಿಯಿಂದ ಕಳಚಿದ ಹಳೆಯ ಬ್ರೇಕ್ ಡ್ರಮ್ಮೊಂದನ್ನು, ಸವೆದ ಪಟ್ಟಿಗಳ ಸಹಿತ, ವಿಜ್ಞಾನದ ಕೊಠಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರಿಸಲಾಗಿದೆ. ಸೋಮವಾರ ಮೂರನೆಯ ಪಾಠದ ತರುವಾಯ ಒಂಬತ್ತು ಮತ್ತು ಹತ್ತನೆಯ ತರಗತಿಯವರು ಸಾಲಾಗಿ ಬಂದು ನೋಡಬಹುದು. ಹಳೆಯ ಪಟ್ಟಿಗಳ ಧೂಳಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವುಂಟು. ಅದು ಶ್ವಾಸಕೋಶಕ್ಕೆ ಕೇಡು. ಆದುದರಿಂದ ಯಾರೂ ಪೆಟ್ಟಿಗೆಯನ್ನು ತೆರೆಯಕೂಡದು.