ತಂತಿಯನ್ನು ತುಂಡರಿಸುವ ಲೆಕ್ಕ



ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಹವ್ಯಾಸಿ ರೇಡಿಯೋದವರೊಬ್ಬರು ಎರಡು ಗಳುಗಳ ನಡುವೆ ತಾಮ್ರದ ತಂತಿಯನ್ನು ಕಟ್ಟಿ ದೂರದವರೊಡನೆ ಮಾತನಾಡಬಯಸುವರೆಂದು ಭಾವಿಸೋಣ. ಸೆಕೆಂಡಿಗೆ 71 ಲಕ್ಷ ಕಂಪನಗಳುಳ್ಳ ಅಲೆಯ ಉದ್ದ ಸುಮಾರು 42 ಮೀಟರು. ಅದರ ಅರ್ಧಕ್ಕೆ ತುಸು ಕಡಮೆ, 20 ಮೀಟರಷ್ಟು ತಂತಿ ಸಾಕು. ಆದರೆ ಆ ತಂತಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಪ್ರವಾಹ ಹರಿಯುವುದು? ಇದನ್ನು ತಿಳಿಯದೆ ಅದು ಯಾವ ದಿಕ್ಕಿಗೆ ಎಷ್ಟು ಬಲವಾಗಿ ನುಡಿಯುವುದೆಂದು ಹೇಳುವಂತಿಲ್ಲ.

ತೊಡಕಿರುವುದು ಇಲ್ಲಿಯೇ. ತಂತಿಯ ಪ್ರತಿಯೊಂದು ಅಂಶದ ಪ್ರವಾಹವೂ ಮಿಕ್ಕೆಲ್ಲ ಅಂಶಗಳ ಮೇಲೆ ಪ್ರಭಾವ ಬೀರಿ, ಅವುಗಳ ಪ್ರಭಾವಕ್ಕೆ ತಾನೂ ಒಳಗಾಗುವುದು. ಅವಿಭಕ್ತ ಕುಟುಂಬದ ವ್ಯಾಜ್ಯದಂತೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರ ಪಾಲನ್ನು ತೀರ್ಮಾನಿಸಲಾಗದು. ಉತ್ತಮ ವಾಹಕದ ಮೈಯುದ್ದಕ್ಕೂ ವಿದ್ಯುತ್ ಕ್ಷೇತ್ರ ಸೊನ್ನೆಯಾಗಿರಬೇಕೆಂಬ ನಿಯಮದಿಂದ ಪಾಕ್ಲಿಂಗ್‌ಟನ್ 1897ರಲ್ಲಿ ಇದಕ್ಕೆ ಸಮೀಕರಣವನ್ನು ಬರೆದನು. ಸ್ವೀಡನ್ನಿನ ಹಾಲೆನ್ 1938ರಲ್ಲಿ ಬೇರೊಂದು ರೂಪವನ್ನಿತ್ತನು. ಅಜ್ಞಾತವಾದ ಪ್ರವಾಹವು ಅನುಕಲನದ ಒಳಗೆ ಅಡಗಿರುವುದರಿಂದ ಅದನ್ನು ಕೈಲೆಕ್ಕದಿಂದ ಹೊರತೆಗೆಯುವುದು ಬಹಳ ಕಷ್ಟ.

ಹಾಗಾದರೆ ಉಪಾಯವೇನು? ತಂತಿಯನ್ನು ಮನಸ್ಸಿನಲ್ಲಿಯೇ 21 ತುಂಡುಗಳನ್ನಾಗಿ ಮಾಡಿ, ಒಂದೊಂದರಲ್ಲಿ ಒಂದೊಂದು ಅಜ್ಞಾತ ಪ್ರವಾಹವನ್ನಿಟ್ಟು, ಪ್ರತಿ ತುಂಡಿನ ನಡುವಿನಲ್ಲಿ ಆ ನಿಯಮವು ಸಲ್ಲಬೇಕೆಂದು ವಿಧಿಸುವುದು. ವಿದ್ಯುತ್ತನ್ನು ಊಡಿಸುವ ನಡುತುಂಡಿನಲ್ಲಿ ಮಾತ್ರ ನಾವು ಕೊಟ್ಟ ವೋಲ್ಟೇಜು ಲೆಕ್ಕಕ್ಕೆ ಸೇರುವುದು. 21 ಸಮೀಕರಣ, 21 ಅಜ್ಞಾತ, 441 ಅಂಕಿಗಳ ಒಂದು ಚೌಕ. ಗಣಕಯಂತ್ರಕ್ಕೆ ಇದು ಕ್ಷಣದ ಕೆಲಸ. ಈ ಮಾರ್ಗವನ್ನು ಹ್ಯಾರಿಂಗ್‌ಟನ್ 1968ರ ತನ್ನ ಗ್ರಂಥದಲ್ಲಿ ಕ್ರಮಪಡಿಸಿದನು.

ತುಂಡು ಹೆಚ್ಚಿದಷ್ಟೂ ಉತ್ತರ ನಿಜಕ್ಕೆ ಹತ್ತಿರವೆಂದು ಯಾರಿಗಾದರೂ ತೋರುವುದು ಸಹಜ. ಇದು ಪೂರ್ಣಸತ್ಯವಲ್ಲ. ತುಂಡು ಅಲೆಯುದ್ದದ ಹತ್ತನೆಯ ಒಂದು ಪಾಲಿಗಿಂತ ದೊಡ್ಡದಾಗಬಾರದು, ದಿಟ. ಆದರೆ ತೆಳುತಂತಿಯ ಲೆಕ್ಕವು ಪ್ರವಾಹವೆಲ್ಲ ನಡುಗೆರೆಯಲ್ಲಿಯೇ ಹರಿಯುವುದೆಂದು ಊಹಿಸಿರುವುದು. ತುಂಡಿನ ಉದ್ದ ತಂತಿಯ ಗಾತ್ರಕ್ಕೆ ಸಮೀಪಿಸಿತೆಂದರೆ ಆ ಊಹೆ ಕುಸಿದು, ಪ್ರವಾಹದ ರೇಖೆಯು ತುದಿಗಳಲ್ಲಿ ಗರಗಸದಂತೆ ಏರಿಳಿಯತೊಡಗುವುದು. ಯಂತ್ರವು ಆ ಅಬದ್ಧವನ್ನೂ ನಿರಾಯಾಸವಾಗಿ ಅಚ್ಚು ಹಾಕಿ ಕೊಡುವುದೆಂಬುದೇ ನಮಗೆ ಭಯ.

ಗೌರಿಬಿದನೂರಿನ ಬಯಲಿನಲ್ಲಿ, 1970ರ ದಶಕದಲ್ಲಿ, ಆಕಾಶದ 34.5 ಮೆಗಾಹರ್ಟ್ಸ್ ಅಲೆಯನ್ನು ಆಲಿಸಲು 1000 ದ್ವಿಧ್ರುವಗಳನ್ನು ನೆಟ್ಟರು. ಲೆಕ್ಕದ ಸುಲಭಕ್ಕಾಗಿ ಒಂದೊಂದನ್ನೂ ಒಂದೇ ತೆಳುತಂತಿಯೆಂದು ಭಾವಿಸಿ 11 ತುಂಡು ಮಾಡಿದರೆ ಅಜ್ಞಾತಗಳು 11,000. ಚೌಕದಲ್ಲಿ 12 ಕೋಟಿ 10 ಲಕ್ಷ ಅಂಕಿಗಳು! ಇಂದಿನ ಯಂತ್ರಕ್ಕೆ ಅದು ಭಾರವಲ್ಲ, ಅಂದು ಕನಸಾಗಿದ್ದಿತು.

ಇನ್ನು ಸೊಕ್ಕೆಗೆ ಮರಳುವೆವು. ಬಯಲಲ್ಲಿ ಒಂಟಿಯಾಗಿ ತೂಗುವ ಇಂತಹ ತಂತಿಗೆ ನಡುವಿನ ತಡೆ ಸುಮಾರು 73 ಓಮ್ ಎಂದು ಗ್ರಂಥಗಳು ಹೇಳುವುವು. ಆದರೆ ಗಳು ಐದಾರು ಮೀಟರು ಎತ್ತರವಷ್ಟೆ. ಕೆಳಗಿನ ನೆಲವೂ ಲೆಕ್ಕದಲ್ಲಿ ಪಾಲುಗಾರ, ಮತ್ತು ಮಳೆಗಾಲದ ನೆಲ ಬೇಸಗೆಯ ನೆಲವಲ್ಲ. ಆದುದರಿಂದ ನಾವು ಹೇಳುವುದು ಇಷ್ಟೆ: ಉತ್ತರ ಬಂದ ಅಳತೆಗಿಂತ ಒಂದು ಗೇಣು ಉದ್ದವಾಗಿಯೇ ತಂತಿಯನ್ನು ಕತ್ತರಿಸಿ, ಮೇಲೆ ಕಟ್ಟಿ ಅಳೆದು ನೋಡಿ, ತುದಿಗಳನ್ನು ಸ್ವಲ್ಪಸ್ವಲ್ಪವಾಗಿ ಸವರುತ್ತ ಬರಬೇಕು.