ಸಮವಸ್ತ್ರವಿಲ್ಲದ ನಾವಿಕರು
(ವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಶಾಲೆಯಲ್ಲಿ ಮೇಷ್ಟರಾಗಿದ್ದಾಗ ಗೋಡೆಯ ಭೂಪಟದಲ್ಲಿ ಸಮುದ್ರವನ್ನು ತೋರಿಸಿ 'ಇದೆಲ್ಲ ನೀರು' ಎಂದು ಹೇಳಿ ಮುಗಿಸುತ್ತಿದ್ದೆವು. ಆ ನೀರಿನಡಿ ಬೆಟ್ಟಗಳಿವೆ, ಕಣಿವೆಗಳಿವೆ. ಅವನ್ನು ಅಳೆಯುವವರ ವಿಚಾರವನ್ನು ಇಂದು ಹೇಳಬೇಕಾಗಿದೆ.

ಅಮೆರಿಕದ ನೌಕಾಪಡೆಗೆ ಸಮುದ್ರದ ಸರ್ವೆ ಮಾಡುವ ಹಡಗುಗಳಿವೆ. 'ಬೌಡಿಚ್' ಅವುಗಳಲ್ಲೊಂದು. ಹಡಗು ಸರ್ಕಾರದ್ದು, ಆದರೆ ಎಂಜಿನ್ ನೋಡುವವನು, ಹಗ್ಗ ಎಳೆಯುವವನು, ಅಡಿಗೆ ಮಾಡುವವನು ಯಾರೂ ಸೈನಿಕರಲ್ಲ. ಗುತ್ತಿಗೆ ಕಂಪನಿಯಿಂದ ಸಂಬಳ ಪಡೆಯುವ ನಾಗರಿಕರು.

ಅವರ ಕೆಲಸ ಮಗ್ಗದ ಲಾಳಿಯಂತೆ. ಹಡಗು ನೇರವಾಗಿ ಹೋಗುತ್ತದೆ, ತಿರುಗಿ ಪಕ್ಕದ ಸಾಲಿನಲ್ಲಿ ಬರುತ್ತದೆ. ಅದರ ಅಡಿಯಿಂದ ಧ್ವನಿಯನ್ನು ಕೆಳಕ್ಕೆ ಬಿಡುತ್ತಾರೆ. ಸಮುದ್ರದ ನೀರಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,500 ಮೀಟರು ಓಡುತ್ತದೆ. ಮಾರ್ದನಿ 4 ಸೆಕೆಂಡಿಗೆ ಮರಳಿದರೆ ಹೋಗಿಬರುವ ದಾರಿ 6,000 ಮೀಟರು, ಆಳ 3,000. ವಾರಗಟ್ಟಲೆ ಇದೇ ಕೆಲಸ.

ಅಳತೆ ನಕ್ಷೆಗೆ ಬಾರದಿದ್ದರೆ? 2005ರ ಜನವರಿ 8ರಂದು 'ಸ್ಯಾನ್ ಫ್ರಾನ್ಸಿಸ್ಕೊ' ಎಂಬ ಅಮೆರಿಕದ ಜಲಾಂತರ್ಗಾಮಿಯು ಗುವಾಮ್ ದ್ವೀಪದ ದಕ್ಷಿಣದಲ್ಲಿ ನೀರೊಳಗಿನ ಬೆಟ್ಟಕ್ಕೆ ಬಡಿಯಿತು. ಒಬ್ಬ ನಾವಿಕ ಸತ್ತ; ಅನೇಕರು ಗಾಯಗೊಂಡರು. ಮುಂದಿಟ್ಟುಕೊಂಡಿದ್ದ ನಕ್ಷೆಯಲ್ಲಿ ಆ ಬೆಟ್ಟವಿರಲಿಲ್ಲ. ತೂಕದ ಕಲ್ಲು ತಪ್ಪಾದರೆ ನಷ್ಟವೇನೆಂದು ಅಂಗಡಿಯ ಬಂಧುಗಳು ಬಲ್ಲರು. ಇಲ್ಲಿ ಹೋದದ್ದು ಜೀವ.

ಈ ಅಳತೆಯೆಲ್ಲ ಲೋಕಕಲ್ಯಾಣಕ್ಕೇ ಎಂದು ನಾವು ಹೇಳುವುದಿಲ್ಲ. 1958ರಲ್ಲಿ ಕೆಲಸಕ್ಕಿಳಿದ ಹಿಂದಿನ 'ಬೌಡಿಚ್' ಪೊಲಾರಿಸ್ ಕ್ಷಿಪಣಿಗಳ ಜಲಾಂತರ್ಗಾಮಿಗಳಿಗಾಗಿ ಸಮುದ್ರವನ್ನು ಅಳೆಯಿತು. 2016ರ ಡಿಸೆಂಬರಿನಲ್ಲಿ ಫಿಲಿಪೈನ್ಸಿನ ಸುಬಿಕ್ ಕೊಲ್ಲಿಯಾಚೆ, ಈಗಿನ 'ಬೌಡಿಚ್' ನೀರಿಗೆ ಬಿಟ್ಟಿದ್ದ ಯಂತ್ರವನ್ನು ಚೀನದ ನೌಕಾಪಡೆ ಎತ್ತಿಕೊಂಡು ಹೋಗಿ ಐದು ದಿನಗಳ ಮೇಲೆ ಮರಳಿಸಿತು. ಜಗಳ ಎರಡು ಸರ್ಕಾರಗಳದು. ನಡುವೆ ನಿಂತವರು ಕೂಲಿಗೆ ದುಡಿಯುವವರು.

ಇಂಥವರನ್ನು ಸರ್ಕಾರ ಹೇಗೆ ನೆನೆಯುತ್ತದೆ? ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸರಕು ಹಡಗುಗಳಲ್ಲಿ ಸಾವಿರಾರು ನಾಗರಿಕ ನಾವಿಕರು ಮಡಿದರು. ಯುದ್ಧ ಮುಗಿದದ್ದು 1945ರಲ್ಲಿ. ಬದುಕಿ ಬಂದವರಿಗೆ ಮಾಜಿ ಯೋಧರ ಸ್ಥಾನ ದೊರೆತದ್ದು 1988ರಲ್ಲಿ, ಅದೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ನಲವತ್ತಮೂರು ವರ್ಷ! ಅಷ್ಟರಲ್ಲಿ ಎಷ್ಟು ಜನ ಮಣ್ಣಾಗಿದ್ದರೋ!

ಹಡಗಿಗೆ ಹೆಸರು ಕೊಟ್ಟ ನಥಾನಿಯಲ್ ಬೌಡಿಚ್ ಪೀಪಾಯಿ ಮಾಡುವವನ ಮಗ. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟವನು. ಹೆಸರನ್ನು ಹಡಗಿಗೆ ಬರೆದರೆ ಸಾಲದು. ಹಡಗು ನಡೆಸುವವನ ಹಕ್ಕನ್ನೂ ಕಾಗದದ ಮೇಲೆ ಬರೆಯಬೇಕು. ಅಪಾಯಕ್ಕೆ ಕಳಿಸುವವನೇ ಅದರ ಹೊಣೆ ಹೊರಬೇಕು. ಮಿಲ್ಲಿನ ಗುತ್ತಿಗೆ ಆಳಿನ ವಿಷಯದಲ್ಲೂ ನಾವು ಕೇಳುವುದು ಇದನ್ನೇ.