ಹಳೆಯ ಹಿಟ್ಟು, ಹೊಸ ಹುದುಗು



ಬಿಯರ್ ತಯಾರಿಸುವವರು ತಳದಲ್ಲಿ ನಿಂತ ಯೀಸ್ಟನ್ನು ತೆಗೆದಿರಿಸಿ ಮುಂದಿನ ಪಾಕಕ್ಕೆ ಬೆರೆಸುತ್ತಾರೆ. 1949ರ ಪಾನನಿರೋಧ ಕಾಯಿದೆಯಿರುವ ಈ ಮುಂಬಯಿ ನಗರದಲ್ಲಿ ಪರವಾನಗಿಯಿಲ್ಲದೆ ಅದು ಮನೆಯಲ್ಲಿ ಸಲ್ಲದು. ಸರಕಾರಿ ನೌಕರನಾದ ನಾನಂತೂ ಕೈಹಾಕಲಾರೆ. ಆದರೆ ನಿನ್ನೆಯ ದೋಸೆಹಿಟ್ಟಿನ ಒಂದು ಸೌಟನ್ನು ಇಂದಿನದಕ್ಕೆ ಬೆರೆಸುವುದೂ ಅದೇ ವಿದ್ಯೆ.

ಕೂಡಿಟ್ಟ ಹುದುಗು ಕೆಡುವುದೇಕೆ? ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ 1883ರಲ್ಲಿ ಶುದ್ಧ ಯೀಸ್ಟನ್ನು ಬೇರ್ಪಡಿಸಿ, ಕೇಡಿಗೆ ಕಾರಣ ನಡುವೆ ನುಸುಳಿದ ಕಾಡು ಯೀಸ್ಟೆಂದು ತೋರಿಸಿದರು. ಆದುದರಿಂದ ಶುಚಿಯಾದ ಪಾತ್ರೆ, ತಂಪು, ಬೇಗನೆ ಬಳಕೆ, ಕೆಲವು ಸರದಿಯಾದ ಮೇಲೆ ಹೊಸ ಯೀಸ್ಟು: ಇದೇ ಪರಿಹಾರ.

ಒಂದು ಮೇ ತಿಂಗಳ ಸೆಕೆಯಲ್ಲಿ ಡೊಂಬಿವಲಿಯ ನಮ್ಮ ಮನೆಯ ಹಿಟ್ಟು ನಾರತೊಡಗಿತು. ಅಮ್ಮನ ಕಾಲದಿಂದ ಬಂದುದೆಂಬ ಮೋಹದಿಂದ ಚೆಲ್ಲದೆ ನಾಲ್ಕು ದಿನ ಮುಂದುವರಿಸಿದೆ. ಹುಳಿ ಹೆಚ್ಚಿತೇ ಹೊರತು ದೋಸೆ ಸುಧಾರಿಸಲಿಲ್ಲ. ಕೊನೆಗೆ ಪಾತ್ರೆ ತೊಳೆದು ಬರಿಯ ಅಕ್ಕಿ, ಉದ್ದು ರುಬ್ಬಿದೆವು. ಮರುಬೆಳಗು ಹಿಟ್ಟು ಉಬ್ಬಿತ್ತು! ಹುದುಗಿಸುವ ಜೀವಿಗಳು ಉದ್ದಿನಲ್ಲಿಯೇ ಇದ್ದುವು.

ಊರಿನಿಂದ ತಂದ ಕನ್ನಡವನ್ನೇ ಅಳತೆಗೋಲಾಗಿಸಿ ನನ್ನ ಮಗಳ ಮಾತನ್ನು ತಿದ್ದುತ್ತ ಬಂದೆ. ಅವಳು ಮನೆಯಲ್ಲಿ ಕನ್ನಡವಾಡುವುದನ್ನೇ ಬಿಟ್ಟಳು. ಅವಳಲ್ಲಿಯೂ ಹುದುಗು ಇದ್ದಿತು. ಉಬ್ಬಲು ನಾನೇ ಬಿಡಲಿಲ್ಲ. ತಾವು ಆ ತಪ್ಪನ್ನು ಮಾಡಬಾರದೆಂದು ನನ್ನ ಬಿನ್ನಹ.